ಹತ್ತನೇ ತರಗತಿಯಲ್ಲಿ ಖೋ ಖೋ, ಚರ್ಚೆ, ವಿಜ್ಞಾನ ಪ್ರಾಜೆಕ್ಟ್: ಯಾವುದು ಇರಲಿ, ಯಾವುದು ಬಿಡಲಿ?

ಪ್ರಶ್ನೆ: ನನ್ನ ಮಗಳು ಶಿವಮೊಗ್ಗ ಜಿಲ್ಲೆ ಹೊಸನಗರ ತಾಲ್ಲೂಕಿನ ಹಳ್ಳಿಯೊಂದರ ಸರ್ಕಾರಿ ಪ್ರೌಢಶಾಲೆಯಲ್ಲಿ ಈ ಜೂನ್‌ಗೆ ಹತ್ತನೇ ತರಗತಿಗೆ ಬರುತ್ತಾಳೆ. ಕನ್ನಡ ಮಾಧ್ಯಮ. ಹೋದ ವರ್ಷ ಖೋ ಖೋ ತಂಡದ ಜೊತೆ ತಾಲ್ಲೂಕಿನವರೆಗೆ ಹೋಗಿದ್ದಳು. ಪ್ರತಿಭಾ ಕಾರಂಜಿಯ ಚರ್ಚಾಸ್ಪರ್ಧೆಯಲ್ಲೂ ಬಹುಮಾನ ಬಂದಿತ್ತು. ಈ ವರ್ಷ ವಿಜ್ಞಾನದ ಮೇಷ್ಟ್ರು ಪ್ರಾಜೆಕ್ಟ್ ಮಾಡಿಸುತ್ತೇನೆ ಅಂದಿದ್ದಾರೆ. ನಮ್ಮ ಮಾವನವರು ‘ಎಸ್ಸೆಸ್ಸೆಲ್ಸಿ ವರ್ಷ, ಇದೆಲ್ಲ ಬಿಡಿಸಿ ಓದಿಗೆ ಕೂರಿಸು’ ಎನ್ನುತ್ತಾರೆ. ನಮ್ಮೂರಿಗೆ ಬಸ್ಸು ಬೆಳಿಗ್ಗೆ ಒಂದು, ಸಂಜೆ ಒಂದು. ಏನು ಮಾಡಲಿ? ಈ ಸರ್ಟಿಫಿಕೇಟುಗಳಿಂದ ಮುಂದೆ ಸೀಟಿಗೆ ಉಪಯೋಗ ಉಂಟೇ?

ಉತ್ತರ: ಬಿಡಿಸಬೇಡಿ. ಹಾಗಂತ ಮೂರನ್ನೂ ಒಂಬತ್ತನೇ ತರಗತಿಯಲ್ಲಿ ನಡೆದ ಹಾಗೆ ನಡೆಯಲು ಬಿಟ್ಟರೂ ಕಷ್ಟ. ಮೂರಕ್ಕೂ ಈ ವರ್ಷ ಒಂದೊಂದು ಕೊನೆಯ ದಿನ ಇರಬೇಕು. ಆ ದಿನ ಯಾವುದು ಅನ್ನುವುದನ್ನು ಜೂನ್‌ನಲ್ಲೇ ಮಗಳು, ನೀವು, ಶಾಲೆಯವರು ಕೂತು ಬರೆದಿಟ್ಟುಕೊಳ್ಳಬೇಕು. ಕ್ರೀಡಾಕೂಟ, ಪ್ರತಿಭಾ ಕಾರಂಜಿ ಎರಡೂ ಹೆಚ್ಚಾಗಿ ನವೆಂಬರ್ ಹೊತ್ತಿಗೆ ಮುಗಿಯುತ್ತವೆ. ಎಸ್ಸೆಸ್ಸೆಲ್ಸಿಯ ಮೊದಲ ಪರೀಕ್ಷೆ ಇರುವುದು ಮಾರ್ಚ್‌ನಲ್ಲಿ. ನಡುವಿನ ಡಿಸೆಂಬರ್, ಜನವರಿಯೇ ನಿಜವಾಗಿ ಕಾಯಬೇಕಾದ ತಿಂಗಳು. ವಾರ್ಷಿಕೋತ್ಸವದ ನೃತ್ಯ, ಶೈಕ್ಷಣಿಕ ಪ್ರವಾಸ, ಮನೆಯಲ್ಲಿ ಅಡಿಕೆ ಕೊಯ್ಲು, ನೆಂಟರ ಮನೆಯ ಕಾರ್ಯ ಎಲ್ಲವೂ ಬಂದು ಬೀಳುವುದು ಆಗಲೇ.

ಮೊದಲು ಅಂಕದ ಲೆಕ್ಕ ನೋಡೋಣ, ಏಕೆಂದರೆ ಮಾವನವರ ಚಿಂತೆ ಅದೇ. ಎಸ್ಸೆಸ್ಸೆಲ್ಸಿಯ ಒಟ್ಟು ಅಂಕ 625 ಎಂದು ನಾವು ಈವರೆಗೆ ಕಂಡಿದ್ದೇವಲ್ಲ, ಅದರಲ್ಲಿ ಪ್ರಥಮ ಭಾಷೆಗೆ 125. ಉಳಿದ ಐದು ವಿಷಯಕ್ಕೆ ತಲಾ 100. ಪ್ರಥಮ ಭಾಷೆಯ 25, ಉಳಿದ ಒಂದೊಂದರ 20, ಒಟ್ಟು 125 ಅಂಕ ಶಾಲೆಯ ಒಳಗೇ ಬರುವ ಆಂತರಿಕ ಅಂಕ. ವರ್ಷದಲ್ಲಿ ನಡೆಯುವ ನಾಲ್ಕು ರೂಪಣಾತ್ಮಕ ಮೌಲ್ಯಮಾಪನಗಳ ಚಟುವಟಿಕೆ ಮತ್ತು ಕಿರುಪರೀಕ್ಷೆಗಳಿಂದ ಅದು ಕೂಡುತ್ತದೆ. ವಿಜ್ಞಾನದ ಪ್ರಾಜೆಕ್ಟನ್ನು ಸರಿಯಾಗಿ ಬರೆದರೆ ಅದೇ ವಿಜ್ಞಾನದ ಚಟುವಟಿಕೆಯಾಗಿ ನಿಲ್ಲುತ್ತದೆ. ಚರ್ಚೆಗೆ ಬರೆದ ಟಿಪ್ಪಣಿ ಕನ್ನಡಕ್ಕೋ ಸಮಾಜಕ್ಕೋ ಆಗುತ್ತದೆ. ಹೀಗೆ ಒಂದೇ ಕೆಲಸ ಎರಡು ಕಡೆ ಸಲ್ಲುವಂತೆ ಮೇಷ್ಟ್ರನ್ನು ಮೊದಲೇ ಕೇಳಿಕೊಂಡರೆ ಮಗಳ ಎಷ್ಟೋ ಸಂಜೆ ಉಳಿಯುತ್ತವೆ. ಇದರ ಮೇಲೆ ಜಾಸ್ತಿ ಆಸೆಯನ್ನೂ ಇಟ್ಟುಕೊಳ್ಳಬೇಡಿ. ಆಂತರಿಕ ಅಂಕ ಶ್ರದ್ಧೆಯಿಂದ ಕೆಲಸ ಮಾಡುವ ಮಕ್ಕಳಿಗೆಲ್ಲ ಚೆನ್ನಾಗಿಯೇ ಬರುತ್ತದೆ. ಮಕ್ಕಳ ನಡುವೆ ಅಂತರ ಬೀಳುವುದು ಲಿಖಿತ 500ರಲ್ಲಿ. ಆ 500ಕ್ಕೆ ಬೇಕಾದ ಓದು ದಿನಕ್ಕೆ ಮೂರು ಗಂಟೆಯ ಒಳಗೆ ಇಳಿಯದ ಹಾಗೆ ಉಳಿದದ್ದನ್ನೆಲ್ಲ ಹೊಂದಿಸಬೇಕು.

ಖೋ ಖೋ ವಿಷಯ. ಕೂಟಗಳು ಹೋಬಳಿ ಅಥವಾ ವಲಯ, ಆಮೇಲೆ ತಾಲ್ಲೂಕು, ಜಿಲ್ಲೆ, ವಿಭಾಗ, ರಾಜ್ಯ ಎಂದು ಮೇಲೆ ಹೋಗುತ್ತವೆ. ಪ್ರೌಢಶಾಲೆಯ ಮಕ್ಕಳು ಆಡುವುದು 17 ವರ್ಷದೊಳಗಿನವರ ವಿಭಾಗದಲ್ಲಿ. ತಾಲ್ಲೂಕಿನವರೆಗೆ ಹೋಗುವುದಕ್ಕೆ ಹೆಚ್ಚು ದಿನ ಹಾಳಾಗುವುದಿಲ್ಲ. ಜಿಲ್ಲೆಯ ಮೇಲೆ ಪ್ರತಿ ಹಂತಕ್ಕೂ ಪ್ರಯಾಣ ಸೇರಿ ಎರಡು ಮೂರು ದಿನ ಬೇಕು. ತಂಡ ಮೇಲೆ ಹೋದರೆ ಕಳಿಸಲೇಬೇಕು. ಎಂಟು ಹುಡುಗಿಯರನ್ನು ಅರ್ಧದಲ್ಲಿ ಬಿಟ್ಟು ಬರುವ ಪಾಠ ಯಾವ ಮಗುವಿಗೂ ಬೇಡ. ಆದರೆ ಹೊರಡುವ ಹಿಂದಿನ ದಿನ ಅವಳು ಎರಡು ಕೆಲಸ ಮಾಡಿರಲಿ. ಆ ದಿನಗಳಲ್ಲಿ ಗಣಿತ, ವಿಜ್ಞಾನದಲ್ಲಿ ಯಾವ ಪಾಠ ನಡೆಯುತ್ತದೆ ಎಂದು ಕೇಳಿ ಬರೆದುಕೊಳ್ಳಲಿ. ಕಿರುಪರೀಕ್ಷೆ ಬಿದ್ದರೆ ತನಗೆ ಯಾವತ್ತು ಕೊಡುತ್ತಾರೆ ಅನ್ನುವುದನ್ನು ವಿಷಯದ ಮೇಷ್ಟ್ರ ಹತ್ತಿರ ಗೊತ್ತು ಮಾಡಿಕೊಳ್ಳಲಿ. ಬಂದ ಮೇಲೆ ಕೇಳಿದರಾಯಿತು ಎಂದುಕೊಂಡವರಿಗೆ ಗಣಿತದ ಒಂದು ಅಧ್ಯಾಯ ತಪ್ಪಿ, ಅದರ ಮೇಲೆ ನಿಂತ ಇನ್ನೆರಡು ಅಧ್ಯಾಯವೂ ಕುಸಿಯುತ್ತವೆ.

ಅಭ್ಯಾಸದ ಸಮಯವೇ ಬಸ್ಸಿನ ಸಮಸ್ಯೆ. ಸಂಜೆಯ ಒಂದೇ ಬಸ್ಸು ತಪ್ಪಿದರೆ ಅಪ್ಪ ಬೈಕಿನಲ್ಲಿ ಹೋಗಬೇಕು, ಇಲ್ಲವೇ ಮಗು ಕತ್ತಲಲ್ಲಿ ನಡೆಯಬೇಕು. ದೂರದ ಊರಿನ ಹೆಣ್ಣುಮಕ್ಕಳು ಆಟ ಬಿಡುವುದಕ್ಕೆ ಹೆಚ್ಚಿನ ಸಲ ಕಾರಣ ಇದೇ, ಆಸಕ್ತಿ ಹೋಗಿ ಬಿಡುವವರು ಕಡಿಮೆ. ನಿಮ್ಮೂರ ಬೆಳಗಿನ ಬಸ್ಸು ಪ್ರಾರ್ಥನೆಗೆ ಮುಕ್ಕಾಲು ಗಂಟೆ ಮೊದಲೇ ಶಾಲೆ ಮುಟ್ಟಿಸುತ್ತದಾದರೆ ಅಭ್ಯಾಸವನ್ನು ಬೆಳಿಗ್ಗೆಗೆ ಹಾಕಿ ಎಂದು ಮುಖ್ಯ ಶಿಕ್ಷಕರಿಗೂ ದೈಹಿಕ ಶಿಕ್ಷಕರಿಗೂ ನಾಲ್ಕಾರು ಪೋಷಕರು ಸೇರಿ ಹೇಳಿ. ಒಬ್ಬರೇ ಹೇಳಿದರೆ ಅದು ನಿಮ್ಮ ಮನೆಯ ತೊಂದರೆ ಆಗುತ್ತದೆ, ನಾಲ್ವರು ಹೇಳಿದರೆ ಶಾಲೆಯ ವೇಳಾಪಟ್ಟಿ ಆಗುತ್ತದೆ. ಹತ್ತನೇ ತರಗತಿಯ ವಿಶೇಷ ತರಗತಿಗೂ ಇದೇ ಮಾತು. ಸಂಜೆ ಐದೂವರೆಯವರೆಗೆ ವಿಶೇಷ ತರಗತಿ, ಐದಕ್ಕೆ ಕೊನೆಯ ಬಸ್ಸು ಎಂದಾದರೆ ಅದು ಊರೊಳಗಿನ ಮಕ್ಕಳಿಗಷ್ಟೇ ಸಿಗುವ ತರಗತಿ.

ಜುಲೈ, ಆಗಸ್ಟ್‌ನಲ್ಲಿ ಅಂಗಳ ಕೆಸರು. ಕೆಸರಿನಲ್ಲಿ ತಿರುಗುವಾಗ ಪಾದ ಜಾರಿ ಹಿಮ್ಮಡಿಯ ಗಂಟು ಉಳುಕುತ್ತದೆ. ಮಳೆ ಬಿಟ್ಟು ಮಣ್ಣು ಗಟ್ಟಿಯಾದ ಮೇಲೆ ಜಂಬಿಟ್ಟಿಗೆಯ ಹರಳಿನ ಮೇಲೆ ಡೈವ್ ಹೊಡೆದರೆ ಮೊಣಕೈ ಮೊಣಕಾಲು ತರಿಯುತ್ತದೆ. ಜೋರು ಮಳೆಯ ವಾರಗಳಲ್ಲಿ ಡೈವ್ ಅಭ್ಯಾಸ ಬೇಡ. ನೆಲ ಒಣಗಿರುವ ಸೂರಿನಡಿ ಹಗ್ಗದಾಟ, ಕೂತು ಏಳುವುದು, ಮೇಲೇಳುವ ವೇಗ, ಇಷ್ಟೇ 25 ನಿಮಿಷ ಸಾಕು. ಉಳುಕಿದ ಕಾಲಿಗೆ ಎಣ್ಣೆ ಹಚ್ಚಿ ತಿಕ್ಕಿಸಿ ಮರುದಿನವೇ ಆಡಿಸುವುದು ನಮ್ಮ ಕಡೆ ರೂಢಿ. ಅದನ್ನು ಮಾಡಬೇಡಿ. ಐಸ್ ಇಟ್ಟು, ಬಟ್ಟೆ ಸುತ್ತಿ, ಕಾಲು ಎತ್ತರಕ್ಕಿಟ್ಟು ಮಲಗಿಸಿ. ನೆಲಕ್ಕೆ ಊರಲಾಗದಿದ್ದರೆ ಎಕ್ಸ್‌ರೇ ಮಾಡಿಸಿ.

ಚರ್ಚಾಸ್ಪರ್ಧೆಗೆ ಸಮಯ ಹೆಚ್ಚು ಬೇಕಿಲ್ಲ, ಕ್ರಮ ಬೇಕು. ಪ್ರತಿಭಾ ಕಾರಂಜಿ ಕ್ಲಸ್ಟರ್‌ನಿಂದ ಶುರುವಾಗಿ ತಾಲ್ಲೂಕು, ಜಿಲ್ಲೆ, ರಾಜ್ಯಕ್ಕೆ ಹೋಗುತ್ತದೆ. ಒಂದೊಂದು ಹಂತದಲ್ಲೂ ಸಾಮಾನ್ಯವಾಗಿ ಪ್ರಥಮ ಬಂದವರು ಮಾತ್ರ ಮುಂದಕ್ಕೆ. ಮಕ್ಕಳು ಸೋಲುವುದು ಹೆಚ್ಚಾಗಿ ಬರೆದುಕೊಟ್ಟ ಭಾಷಣವನ್ನು ಉರು ಹೊಡೆದು ಒಪ್ಪಿಸುವುದರಿಂದ. ನಡುವೆ ಒಂದು ವಾಕ್ಯ ಮರೆತರೆ ಅಲ್ಲಿಗೇ ನಿಂತುಬಿಡುತ್ತಾರೆ. ಬೇರೆ ದಾರಿ ಹೀಗೆ: ವಿಷಯಕ್ಕೆ ಪರವಾಗಿ ಮೂರು ಕಾರಣ, ವಿರೋಧವಾಗಿ ಮೂರು ಕಾರಣ ಎಂದು ಒಂದೇ ಹಾಳೆಯಲ್ಲಿ ಎದುರುಬದುರು ಬರೆಯಲಿ. ಪ್ರತಿ ಕಾರಣದ ಕೆಳಗೆ ತನ್ನ ಊರಿನಲ್ಲೇ ಕಂಡ ಒಂದು ಉದಾಹರಣೆ ಇರಲಿ. ಮೊಬೈಲ್ ಬೇಕೋ ಬೇಡವೋ ಎಂಬ ವಿಷಯವಾದರೆ, ಸಿಗ್ನಲ್ ಸಿಗಲೆಂದು ಗುಡ್ಡ ಹತ್ತಿ ಕೂರುವ ಹುಡುಗರ ಮಾತು ಯಾವ ಪುಸ್ತಕದ ಸಾಲಿಗಿಂತಲೂ ತೀರ್ಪುಗಾರರನ್ನು ಮುಟ್ಟುತ್ತದೆ. ಮೊದಲ ಎರಡು ವಾಕ್ಯ, ಕೊನೆಯ ಎರಡು ವಾಕ್ಯ ಮಾತ್ರ ಬಾಯಿಪಾಠ ಇರಲಿ, ನಡುವಿನದ್ದು ಕಾರಣಗಳ ಎಳೆ ಹಿಡಿದು ಬಾಯಿಗೆ ಬಂದ ಹಾಗೆ. ಬಸ್ಸಿಗೆ ಕಾಯುವ ಹೊತ್ತಿನಲ್ಲಿ ಗೆಳತಿಯ ಎದುರು ಗಡಿಯಾರ ಇಟ್ಟು ದಿನಕ್ಕೊಮ್ಮೆ ಹೇಳಿದರೆ ಹದಿನೈದು ದಿನದಲ್ಲಿ ಸಿದ್ಧ. ಈ ಅಭ್ಯಾಸ ಸಮಾಜ ವಿಜ್ಞಾನದ ನಾಲ್ಕಂಕದ ಉತ್ತರಕ್ಕೂ ಹಾಗೆಯೇ ಆಗುತ್ತದೆ.

ಇನ್ನು ಪ್ರಾಜೆಕ್ಟ್. ಇದರ ಬಗ್ಗೆ ಸ್ವಲ್ಪ ವಿವರವಾಗಿಯೇ ಹೇಳುತ್ತೇನೆ, ಏಕೆಂದರೆ ಮಕ್ಕಳ ಸಮಯ ಅತಿ ಹೆಚ್ಚು ಪೋಲಾಗುವುದೂ ಇಲ್ಲೇ, ಮಗು ನಿಜವಾಗಿ ಏನನ್ನಾದರೂ ಕಲಿಯುವುದೂ ಇಲ್ಲೇ. ಯೂಟ್ಯೂಬ್ ನೋಡಿ ಮಾಡಿದ ಥರ್ಮೋಕೋಲ್ ಜ್ವಾಲಾಮುಖಿ, ಪೇಟೆಯಿಂದ ಕೊಂಡು ತಂದ ತಿರುಗುವ ಸೌರಮಂಡಲ ಬೇಡ. ತೀರ್ಪುಗಾರರ ಮೊದಲ ಪ್ರಶ್ನೆ ‘ಇದರಲ್ಲಿ ನಿನ್ನದು ಏನು?’ ಎಂದೇ ಇರುತ್ತದೆ. ಮಲೆನಾಡಿನ ಶಾಲೆಗೆ ಖರ್ಚಿಲ್ಲದೆ ಸಿಗುವ, ಬಯಲುಸೀಮೆಯ ಯಾವ ಶಾಲೆಗೂ ಇಷ್ಟು ಸಿಗದ ವಸ್ತು ಒಂದಿದೆ, ಅದು ಮಳೆ. ಪ್ರಶ್ನೆ ಮಾತ್ರ ಚೂಪಾಗಿರಬೇಕು. ‘ನಮ್ಮೂರಲ್ಲಿ ಎಷ್ಟು ಮಳೆಯಾಯಿತು’ ಎಂಬುದು ವರದಿ. ‘ಎಷ್ಟು ಮಳೆಯಾದರೆ ನಮ್ಮ ಶಾಲೆಯ ಹಾಜರಾತಿ ಇಳಿಯುತ್ತದೆ’ ಎಂಬುದು ಪ್ರಶ್ನೆ. ಅದಕ್ಕೆ ಉತ್ತರ ಯಾವ ಪುಸ್ತಕದಲ್ಲೂ ಇಲ್ಲ, ನಿಮ್ಮ ಮಗಳೇ ಅಳೆದು ಕಂಡುಕೊಳ್ಳಬೇಕು.

ಮಳೆಮಾಪಕಕ್ಕೆ ಎರಡು ಲೀಟರಿನ ಬಾಟಲಿ, ಬಾಯಿಯ ಒಳವ್ಯಾಸ ಸರಿಯಾಗಿ 10 ಸೆಂಟಿಮೀಟರ್ ಇರುವ ಒಂದು ಆಲಿಕೆ, ಶಾಲೆಯ ಪ್ರಯೋಗಾಲಯದ 100 ಮಿಲಿಲೀಟರ್ ಅಳತೆಯ ಜಾಡಿ ಸಾಕು. 10 ಸೆಂ.ಮೀ. ವ್ಯಾಸದ ಬಾಯಿಯ ವಿಸ್ತೀರ್ಣ 78.5 ಚದರ ಸೆಂ.ಮೀ. ಅದರ ಮೇಲೆ 1 ಮಿಲಿಮೀಟರ್ ಮಳೆ ಬಿದ್ದರೆ 7.85 ಮಿಲಿಲೀಟರ್ ನೀರು. ಬಾಟಲಿಯಲ್ಲಿ 314 ಮಿಲಿಲೀಟರ್ ಸಿಕ್ಕಿತೆಂದರೆ 7.85ರಿಂದ ಭಾಗಿಸಿ, 40 ಮಿ.ಮೀ. ಮಳೆ. ಆಲಿಕೆ ದೊಡ್ಡದಿದ್ದರೆ ಒಳ್ಳೆಯದು ಎಂದು 20 ಸೆಂ.ಮೀ.ನದು ತರುವವರಿದ್ದಾರೆ. ಆಗ 1 ಮಿ.ಮೀ. ಮಳೆಗೆ 31.4 ಮಿಲಿಲೀಟರ್ ನೀರು ಬರುತ್ತದೆ, ಎರಡು ಲೀಟರಿನ ಬಾಟಲಿ ಸುಮಾರು 64 ಮಿ.ಮೀ.ಗೇ ತುಂಬಿ ಹೊರಚೆಲ್ಲುತ್ತದೆ. ಹವಾಮಾನ ಇಲಾಖೆ ‘ಭಾರಿ ಮಳೆ’ ಎಂದು ಕರೆಯುವುದೇ ದಿನಕ್ಕೆ 64.5 ಮಿ.ಮೀ.ನಿಂದ ಮೇಲೆ. ಅಂದರೆ ಯಾವ ದಿನದ ಲೆಕ್ಕ ಮುಖ್ಯವೋ ಆ ದಿನವೇ ಲೆಕ್ಕ ತಪ್ಪುತ್ತದೆ. 10 ಸೆಂ.ಮೀ.ನ ಆಲಿಕೆಗೆ ಅದೇ ಬಾಟಲಿ ಸುಮಾರು 250 ಮಿ.ಮೀ. ಹಿಡಿಯುತ್ತದೆ. ಆಷಾಢದ ಹುಚ್ಚು ಮಳೆಗೂ ಹೆಚ್ಚಿನ ದಿನ ಅದು ಸಾಕು.

ಆಲಿಕೆಯ ವ್ಯಾಸವನ್ನು ಅಂಚಿನಿಂದ ಅಂಚಿಗೆ ಒಳಗಡೆಯೇ ಅಳೆಯಬೇಕು. 10 ಎಂದುಕೊಂಡದ್ದು 10.5 ಇದ್ದರೆ ವಿಸ್ತೀರ್ಣ ಶೇ 10ರಷ್ಟು ಹೆಚ್ಚಾಗಿ ವರ್ಷದ ಎಲ್ಲ ಅಂಕಿಯೂ ತಪ್ಪುತ್ತದೆ. ಆಲಿಕೆಯನ್ನು ಬಾಟಲಿಯ ಬಾಯಿಗೆ ಮೇಣ ಹಚ್ಚಿ ಬಿಗಿ ಮಾಡಿದರೆ ಒಳಗಿನ ಗಾಳಿಗೆ ಹೊರಬರಲು ದಾರಿಯಿಲ್ಲದೆ ನೀರು ಆಲಿಕೆಯಲ್ಲೇ ನಿಲ್ಲುತ್ತದೆ. ಬಾಟಲಿಯ ಕತ್ತಿನ ಬಳಿ, ಆಲಿಕೆಯ ನೆರಳಲ್ಲಿ, ಸೂಜಿ ಕಾಸಿ ಒಂದು ತೂತು ಮಾಡಿ. ಬಾಟಲಿಯ ಸುತ್ತ ನಾಲ್ಕು ಜಂಬಿಟ್ಟಿಗೆ ಕಲ್ಲು ಇಡಿ, ಇಲ್ಲದಿದ್ದರೆ ಗಾಳಿಗೆ ಉರುಳುತ್ತದೆ. ಆಲಿಕೆಯ ಅಂಚು ನೆಲದಿಂದ ಸುಮಾರು 30 ಸೆಂ.ಮೀ. ಎತ್ತರ ಇರಲಿ, ಕೆಳಗಿದ್ದರೆ ನೆಲಕ್ಕೆ ಬಿದ್ದ ಹನಿ ಸಿಡಿದು ಒಳಗೆ ಬೀಳುತ್ತದೆ. ಹತ್ತಿರದ ಗೋಡೆಯೋ ಮರವೋ ಎಷ್ಟು ಎತ್ತರವೋ ಅದರ ಎರಡರಷ್ಟು ದೂರ ಬಿಡಬೇಕು. ಐದು ಮೀಟರಿನ ಕಟ್ಟಡವಾದರೆ ಹತ್ತು ಮೀಟರ್. ಅಡಿಕೆ ತೋಟದ ಅಂಚಿನಲ್ಲಿ ಇಟ್ಟರೆ ಹೆಡೆಯಿಂದ ತೊಟ್ಟಿಕ್ಕುವ ನೀರನ್ನೇ ಮಳೆ ಎಂದು ಬರೆದಂತಾಗುತ್ತದೆ. ಬೆಳಿಗ್ಗೆ ನೋಡುವಾಗ ಆಲಿಕೆಯ ಕಂಠದಲ್ಲಿ ಎಲೆ ಕೂತಿದೆಯೇ ಎಂದು ನೋಡಿ ತೆಗೆಯಬೇಕು, ಎಲೆ ಕೂತಿದ್ದರೆ ಅದನ್ನೂ ಷರಾದಲ್ಲಿ ಬರೆಯಬೇಕು.

ಯಾವಾಗ ಓದಬೇಕು? ಹವಾಮಾನ ಇಲಾಖೆಯ ದಿನ ಬೆಳಿಗ್ಗೆ 8.30ರಿಂದ ಮರುದಿನ 8.30ರವರೆಗೆ. ಆದರೆ ಆ ಹೊತ್ತಿಗೆ ನಿಮ್ಮ ಮಗಳು ಬಸ್ಸಿನಲ್ಲಿರುತ್ತಾಳೆ. ಹಾಗಾಗಿ 7 ಗಂಟೆಗೇ ಓದಲಿ, ಪ್ರತಿದಿನ ಅದೇ ಸಮಯಕ್ಕೆ. ವರದಿಯಲ್ಲಿ ‘ನಮ್ಮ ದಿನ 7ರಿಂದ 7, ಇಲಾಖೆಯ ಅಂಕಿಯ ಜೊತೆ ಹೋಲಿಸುವಾಗ ಒಂದೂವರೆ ಗಂಟೆಯ ವ್ಯತ್ಯಾಸವಿದೆ’ ಎಂದು ಒಂದು ಸಾಲು ಬರೆದರೆ ಅದೇ ವಿಜ್ಞಾನ. ಶಾಲೆಯ ಅಂಗಳದಲ್ಲೂ ಒಂದು ಮಾಪಕ ಇಟ್ಟು, ಊರೊಳಗಿನ ಇನ್ನೊಬ್ಬಳು ಅದನ್ನು 7ಕ್ಕೆ ಓದಿ ಖಾಲಿ ಮಾಡಿ, ಮತ್ತೆ 9.30ಕ್ಕೆ ಓದಲಿ. ಎರಡನೇ ಓದು ಯಾಕೆಂದರೆ, ರಾತ್ರಿಯೆಲ್ಲ ಸುರಿದು ಬೆಳಿಗ್ಗೆ ಬಿಟ್ಟರೆ ಮಕ್ಕಳು ಬಂದುಬಿಡಬಹುದು, ಮನೆಯಿಂದ ಹೊರಡುವ ಹೊತ್ತಿಗೆ ಹಳ್ಳ ಏರಿ ಕಾಲುಸಂಕ ದಾಟಲಾಗದಿದ್ದರೆ ಬರಲಾರರು. ದಿನದ ಮಳೆ ಮುಖ್ಯವೋ, ಬೆಳಗಿನ ಎರಡೂವರೆ ಗಂಟೆಯ ಮಳೆ ಮುಖ್ಯವೋ ಎಂಬುದು ಆಗ ಅಂಕಿಯಲ್ಲೇ ಕಾಣುತ್ತದೆ.

ಭಾನುವಾರ ಮತ್ತು ಮಳೆ ರಜೆಯ ದಿನ ಶಾಲೆಯ ಮಾಪಕ ಯಾರು ಓದುತ್ತಾರೆ ಎಂಬಲ್ಲೇ ಇಂಥ ಪ್ರಾಜೆಕ್ಟುಗಳು ಸಾಯುತ್ತವೆ. ಶಾಲೆಗೆ ಹತ್ತಿರದ ಮನೆಯ ಇಬ್ಬರ ಹೆಸರನ್ನು ಸರದಿಗೆ ಹಾಕಿ. ಆದರೂ ಒಂದು ದಿನ ತಪ್ಪಿದರೆ ಎರಡು ದಿನದ ಒಟ್ಟು ಎಂದೇ ಬರೆಯಬೇಕು. ಅರ್ಧ ಮಾಡಿ ಎರಡು ದಿನಕ್ಕೆ ಹಂಚಬಾರದು. ಪುಸ್ತಕದಲ್ಲಿ ದಿನಾಂಕ, ಗಂಟೆ, ಮಿಲಿಲೀಟರ್, ಮಿಲಿಮೀಟರ್, ಷರಾ, ಓದಿದವರ ಸಹಿ ಇಷ್ಟು ಕಲಂ ಇರಲಿ. ಜೆಲ್ ಪೆನ್ನು ಬೇಡ, ಒದ್ದೆ ಕೈ ತಾಗಿದರೆ ಹರಡುತ್ತದೆ. ಪೆನ್ಸಿಲ್ ಒಳ್ಳೆಯದು. ಕೊನೆಗೆ ಆ ಪುಸ್ತಕವನ್ನು ಅಂದವಾಗಿ ಪ್ರತಿ ಮಾಡಿ ಮೂಲವನ್ನು ಎಸೆಯಬೇಡಿ. ಕೆಸರಿನ ಬೆರಳಚ್ಚು ಇರುವ ಆ ಪುಸ್ತಕವನ್ನೇ ಮೇಜಿನ ಮೇಲೆ ಇಡಬೇಕು, ಕೆಲಸ ನಡೆದಿದೆ ಎಂಬುದಕ್ಕೆ ಅದಕ್ಕಿಂತ ದೊಡ್ಡ ಸಾಕ್ಷಿ ಇಲ್ಲ.

ಹಾಜರಾತಿಗೆ ಮುಖ್ಯ ಶಿಕ್ಷಕರ ಅನುಮತಿ ಪಡೆದು 8, 9, 10ನೇ ತರಗತಿಯ ಬಂದವರ ಸಂಖ್ಯೆ ಮಾತ್ರ ಬರೆದುಕೊಳ್ಳಲಿ, ಹೆಸರು ಬೇಡ. ರಜೆ ಘೋಷಿಸಿದ ದಿನಗಳನ್ನು ಲೆಕ್ಕದಿಂದ ಹೊರಗಿಟ್ಟು ಬೇರೆ ಪಟ್ಟಿ ಮಾಡಲಿ. ಜೂನ್ 15ರಿಂದ ಸೆಪ್ಟೆಂಬರ್ 15ರವರೆಗೆ ನಡೆಸಿದರೆ ತೊಂಬತ್ತು ದಿನದ ಅಂಕಿ ಸಿಗುತ್ತದೆ. ಶಾಲೆ ನಡೆದ ದಿನಗಳು ಅರವತ್ತರ ಆಸುಪಾಸು ಉಳಿದರೂ ನಕ್ಷೆಗೆ ಸಾಕು. ಅಡ್ಡ ಗೆರೆಯಲ್ಲಿ ಮಳೆ, ಉದ್ದ ಗೆರೆಯಲ್ಲಿ ಹಾಜರಾತಿಯ ಶೇಕಡಾ, ದಿನಕ್ಕೊಂದು ಚುಕ್ಕೆ. ಚುಕ್ಕೆಗಳು ಎಲ್ಲಿಂದ ಕೆಳಗಿಳಿಯುತ್ತವೆ ನೋಡಲಿ. ಎಲ್ಲೂ ಇಳಿಯದಿದ್ದರೆ ಅದೂ ಉತ್ತರವೇ, ತಿದ್ದಬಾರದು. ನಾಟಿಯ ವಾರದಲ್ಲಿ ಮಳೆ ಕಡಿಮೆಯಿದ್ದೂ ಹಾಜರಾತಿ ಬಿದ್ದಿದ್ದರೆ ಷರಾದ ಕಲಂ ಅದನ್ನು ಹೇಳುತ್ತದೆ. ಕರ್ನಾಟಕ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರ ಗ್ರಾಮ ಪಂಚಾಯಿತಿ ಮಟ್ಟದಲ್ಲಿ ಸ್ವಯಂಚಾಲಿತ ಮಳೆಮಾಪಕ ಇಟ್ಟಿದೆ. ನಿಮ್ಮ ಪಂಚಾಯಿತಿಯ ಅಂಕಿಯನ್ನು ಕೇಳಿ ಪಡೆದು ಮಕ್ಕಳ ಅಂಕಿಯ ಪಕ್ಕದಲ್ಲಿ ಹಾಕಿದರೆ ಬಾಟಲಿಯ ಮಾಪಕ ಎಷ್ಟು ಸರಿ ಎಂಬುದೂ ತಿಳಿಯುತ್ತದೆ. ಹತ್ತನೇ ತರಗತಿಯ ಗಣಿತದ ಸಂಖ್ಯಾಶಾಸ್ತ್ರದಲ್ಲಿ ಸರಾಸರಿ, ಮಧ್ಯಾಂಕ, ಬಹುಲಕ ಎಲ್ಲ ಇದೆಯಲ್ಲ, ಇದೇ ಅಂಕಿಯ ಮೇಲೆ ಮಾಡಿದ ಮಗುವಿಗೆ ಆ ಅಧ್ಯಾಯವನ್ನು ಮತ್ತೆ ಓದಿಸಬೇಕಾಗಿಲ್ಲ.

ಬರವಣಿಗೆಗೆ ದಸರಾ ರಜೆ ಇಟ್ಟುಕೊಳ್ಳಲಿ. ಹತ್ತು ಹನ್ನೆರಡು ಪುಟ ಸಾಕು. ಮಕ್ಕಳ ವಿಜ್ಞಾನ ಸಮಾವೇಶದಂಥ ಕಡೆ ಇಬ್ಬರ ತಂಡ ಕೇಳುತ್ತಾರೆ. ಆದ್ದರಿಂದ ಮೊದಲಿನಿಂದಲೇ ಒಬ್ಬ ಜೊತೆಗಾತಿ ಇರಲಿ, ಸಾಧ್ಯವಾದರೆ ಒಂಬತ್ತನೇ ತರಗತಿಯವಳು. ಮುಂದಿನ ವರ್ಷ ಪುಸ್ತಕ ಅವಳ ಕೈಯಲ್ಲಿ ಮುಂದುವರಿಯುತ್ತದೆ. ಇನ್‌ಸ್ಪೈರ್ ಮಾನಕ್ ಪ್ರಶಸ್ತಿಗೂ ಮೇಷ್ಟ್ರು ಹೆಸರು ಕಳಿಸಬಹುದು, ಆದರೆ ಅದಕ್ಕೆ ಬೇಕಾದದ್ದು ಹೊಸ ಸಾಧನದ ಕಲ್ಪನೆ, ಅಧ್ಯಯನ ಅಲ್ಲಿ ನಡೆಯುವುದಿಲ್ಲ. ಆಯ್ಕೆಯಾದರೆ ಮಾದರಿ ತಯಾರಿಸಲು 10,000 ರೂಪಾಯಿ ಮಗುವಿನ ಬ್ಯಾಂಕ್ ಖಾತೆಗೇ ಬರುತ್ತದೆ. ಖಾತೆ ಮಗುವಿನ ಹೆಸರಲ್ಲಿ ಇಲ್ಲದೆ, ಅಥವಾ ಆಧಾರ್ ಜೋಡಣೆ ಆಗದೆ ಹಣ ತಡೆದು ನಿಲ್ಲುವುದುಂಟು. ಖಾತೆ ಈಗಲೇ ಮಾಡಿಸಿಡಿ, ಮುಂದೆ ವಿದ್ಯಾರ್ಥಿವೇತನಕ್ಕೂ ಬೇಕು.

ಡಿಸೆಂಬರ್ ಒಂದರಿಂದ ಮಾತ್ರ ಗಟ್ಟಿಯಾಗಿ ನಿಲ್ಲಿ. ಶಾಲಾ ಸಂಸತ್ತಿನ ಜವಾಬ್ದಾರಿ ಏನಾದರೂ ಅವಳ ಮೇಲಿದ್ದರೆ ಒಂಬತ್ತನೇ ತರಗತಿಯವರಿಗೆ ಒಪ್ಪಿಸಲಿ. ವಾರ್ಷಿಕೋತ್ಸವದಲ್ಲಿ ಒಂದೇ ಕಾರ್ಯಕ್ರಮ, ಅಭ್ಯಾಸ ಹತ್ತು ದಿನ ಮೀರದಂತೆ. ಪ್ರವಾಸಕ್ಕೆ ಕಳಿಸಿ, ಅದು ಆ ಗೆಳತಿಯರ ಜೊತೆ ಮತ್ತೆ ಸಿಗುವುದಿಲ್ಲ. ಡಿಸೆಂಬರಿನಿಂದ ಬೇಸಿಗೆಯವರೆಗೆ ಕಾಡಿನೊಳಗೆ ನಡೆಸುವ ಕಾರ್ಯಕ್ರಮವಿದ್ದರೆ ಮಾತ್ರ ವಿಚಾರಿಸಿ. ಮಂಗನ ಕಾಯಿಲೆ 1957ರಲ್ಲಿ ಮೊದಲು ಕಂಡದ್ದೇ ನಮ್ಮ ಜಿಲ್ಲೆಯ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ, ಅದನ್ನು ಹರಡುವ ಉಣುಗು (ಉಣ್ಣೆ) ಹೆಚ್ಚುವುದೂ ಆ ತಿಂಗಳುಗಳಲ್ಲೇ. ಮಂಗ ಸತ್ತ ಸುದ್ದಿ ಇರುವ ಕಡೆ ಮಕ್ಕಳನ್ನು ಕಳಿಸಲೇಬಾರದು.

ಮಾವನವರಿಗೆ ಒಂದು ಮಾತು ಗೌರವದಿಂದಲೇ ಹೇಳಿ. ಅಡಿಕೆ ಸುಲಿತದ ದಿನಗಳಲ್ಲಿ ಮಗು ರಾತ್ರಿ ಹತ್ತರವರೆಗೆ ಮೆಟ್ಟುಗತ್ತಿಯ ಮುಂದೆ ಕೂತರೆ ಎರಡು ತಿಂಗಳಲ್ಲಿ ಹೋಗುವ ಗಂಟೆಗಳು ಇಡೀ ವರ್ಷದ ಖೋ ಖೋಗೆ ಹೋಗುವ ಗಂಟೆಗಳಿಗಿಂತ ಹೆಚ್ಚು. ಈ ಒಂದು ಕೊಯ್ಲಿಗೆ ಅವಳ ಕೈ ಲೆಕ್ಕಕ್ಕೆ ಇಟ್ಟುಕೊಳ್ಳದೆ ಆಳಿನ ಏರ್ಪಾಡು ಮಾಡಿಕೊಳ್ಳಿ. ಕರೆಂಟು ಕೈಕೊಡುವ ಊರಾದರೆ ಚಾರ್ಜ್ ಆಗುವ ಒಂದು ದೀಪ ಅವಳ ಮೇಜಿಗೇ ಮೀಸಲಿರಲಿ. ವರ್ಷಕ್ಕೆ ಒಂದಕ್ಕಿಂತ ಹೆಚ್ಚು ಪರೀಕ್ಷೆಯ ಪದ್ಧತಿ 2024ರಿಂದ ಬಂದಿದೆ, ಅಂಕ ಕಡಿಮೆಯಾದ ವಿಷಯವನ್ನು ಮುಂದಿನ ಪರೀಕ್ಷೆಯಲ್ಲಿ ಮತ್ತೆ ಬರೆಯಬಹುದು ಎಂಬುದೂ ಅವರಿಗೆ ಗೊತ್ತಿರಲಿ, ಮನೆಯ ಬಿಗಿ ಸ್ವಲ್ಪ ಸಡಿಲಾಗುತ್ತದೆ.

ಸರ್ಟಿಫಿಕೇಟಿನ ಪ್ರಶ್ನೆಗೆ ನೇರ ಉತ್ತರ: ತಾಲ್ಲೂಕು ಮಟ್ಟದ ಬಹುಮಾನಪತ್ರ ಎಂಜಿನಿಯರಿಂಗ್‌ನಂಥ ಕೋರ್ಸಿಗೆ ಸೀಟು ಕೊಡಿಸುವುದಿಲ್ಲ. ಕರ್ನಾಟಕ ಪರೀಕ್ಷಾ ಪ್ರಾಧಿಕಾರದ ಸೀಟು ಹಂಚಿಕೆಯಲ್ಲಿ ಕ್ರೀಡೆ, ಎನ್‌ಸಿಸಿ, ಸ್ಕೌಟ್ಸ್ ಮತ್ತು ಗೈಡ್ಸ್‌ಗೆ ವಿಶೇಷ ವರ್ಗ ಇದೆ. ಆದರೆ ಅಲ್ಲಿ ಪೈಪೋಟಿ ಇರುವುದು ಬಹಳ ಮೇಲಿನ ಮಟ್ಟದಲ್ಲಿ ಆಡಿದವರ ನಡುವೆ. ಹಾಗಾಗಿ ಸೀಟಿನ ಆಸೆಗೆ ಆಡಿಸಬೇಡಿ. ಬಂದ ಕಾಗದವನ್ನು ಮಾತ್ರ ಜೋಪಾನ ಮಾಡಿ. ಕೈಗೆ ಬಂದ ದಿನವೇ ಹೆಸರು, ಇನಿಷಿಯಲ್, ಸ್ಪರ್ಧೆಯ ಹೆಸರು, ಮಟ್ಟ, ದಿನಾಂಕ, ಸಹಿ, ಮೊಹರು ನೋಡಿ. ತಪ್ಪಿದ್ದರೆ ಅದೇ ವಾರ ತಿದ್ದಿಸಬೇಕು, ಸಹಿ ಮಾಡಿದವರು ವರ್ಗವಾದ ಮೇಲೆ ಅಲೆದಾಟವೇ ಗತಿ. ಲ್ಯಾಮಿನೇಟ್ ಮಾಡಿಸಬೇಡಿ, ಆಮೇಲೆ ಹಿಂಬದಿಗೆ ದೃಢೀಕರಣದ ಸಹಿ ಹಾಕಲಾಗುವುದಿಲ್ಲ. ಪ್ಲಾಸ್ಟಿಕ್ ಕವರಿನ ಫೈಲಿಗೆ ಹಾಕಿ, ಗೋಡೆಗೆ ತಾಗದ ಕಬ್ಬಿಣದ ಪೆಟ್ಟಿಗೆಯಲ್ಲಿಡಿ. ಮಳೆಗಾಲದ ಥಂಡಿಗೆ ಗೋಡೆಯ ಬೀರುವಿನಲ್ಲಿಟ್ಟ ಕಾಗದಕ್ಕೆ ಬೂಷ್ಟು ಬಂದು ಶಾಯಿ ಹರಡುತ್ತದೆ. ಮಳೆ ಕಳೆದ ಮೇಲೆ ಒಮ್ಮೆ ನೆರಳಲ್ಲಿ ಬಿಡಿಸಿ ಆರಿಸಿ. ಫೋನಿನಲ್ಲಿ ಸ್ಕ್ಯಾನ್ ತೆಗೆದು ಮಗಳ ಮೇಲ್‌ಗೂ ಕಳಿಸಿಡಿ.

ಇದಕ್ಕಿಂತ ಬೆಲೆಯುಳ್ಳ ಎರಡು ಕಾಗದ ಅವಳಿಗೆ ಸಿಗಲಿವೆ, ಅವು ಯಾವ ವೇದಿಕೆಯಲ್ಲೂ ಕೊಡುವಂಥವಲ್ಲ. ಸಿಇಟಿ ಸೀಟಿನಲ್ಲಿ ಗ್ರಾಮೀಣ ಅಭ್ಯರ್ಥಿಗಳಿಗೆ ಶೇ 15, ಕನ್ನಡ ಮಾಧ್ಯಮದವರಿಗೆ ಶೇ 5 ಮೀಸಲಾತಿ ಇದೆ. ಎರಡಕ್ಕೂ ಒಂದರಿಂದ ಹತ್ತನೇ ತರಗತಿಯವರೆಗಿನ ಹತ್ತು ವರ್ಷ ಪೂರ್ತಿ ಲೆಕ್ಕ. ಒಂದು ವರ್ಷ ಪಟ್ಟಣ ಪಂಚಾಯಿತಿಯ ವ್ಯಾಪ್ತಿಯ ಶಾಲೆಗೆ ಸೇರಿದ್ದರೂ ಗ್ರಾಮೀಣ ಮೀಸಲಾತಿ ಹೋಗುತ್ತದೆ. ಹತ್ತನೇ ತರಗತಿಗೆಂದು ಪೇಟೆಯ ಶಾಲೆಗೆ ಹಾಕೋಣ ಎಂಬ ಯೋಚನೆ ಮನೆಯಲ್ಲಿ ಯಾರಿಗಾದರೂ ಇದ್ದರೆ ಇದನ್ನು ಮೊದಲು ತಿಳಿಸಿ. ವ್ಯಾಸಂಗ ಪ್ರಮಾಣಪತ್ರಕ್ಕೆ ಮುಖ್ಯ ಶಿಕ್ಷಕರ ಸಹಿಯ ಜೊತೆ ಕ್ಷೇತ್ರ ಶಿಕ್ಷಣಾಧಿಕಾರಿಯ ಮೇಲುಸಹಿ ಬೇಕು. ಪ್ರಾಥಮಿಕ ಶಾಲೆ ಬೇರೆಯಾಗಿದ್ದರೆ ಆ ವರ್ಷಗಳಿಗೆ ಅಲ್ಲಿಂದಲೂ ಬೇಕು. ಮಕ್ಕಳಿಲ್ಲದೆ ಶಾಲೆ ಮುಚ್ಚಿದ ಊರುಗಳು ನಮ್ಮಲ್ಲಿ ಕಡಿಮೆಯಿಲ್ಲ, ದಾಖಲೆ ಯಾವ ಶಾಲೆಗೆ ಹೋಗಿದೆ ಎಂದು ಹುಡುಕುವುದಕ್ಕೇ ವಾರಗಳು ಹಿಡಿಯುತ್ತವೆ. ಪಿಯುಸಿ ಎರಡನೇ ವರ್ಷದ ಮೇ ತಿಂಗಳಲ್ಲಿ ಓಡಾಡುವ ಬದಲು, ಫಲಿತಾಂಶ ಬಂದು ವರ್ಗಾವಣೆ ಪತ್ರ ತರುವ ದಿನವೇ ಇದಕ್ಕೂ ಅರ್ಜಿ ಕೊಡಿ.

ಅದಕ್ಕೂ ಮುಂಚಿನ ಕೆಲಸ ಒಂದಿದೆ, ಅದು ಈ ಜೂನ್‌ನದ್ದು. ಶಾಲಾ ಮಕ್ಕಳ ವಿವರ ಇಡುವ ಸರ್ಕಾರದ ಆನ್‌ಲೈನ್ ದಾಖಲೆಯಾದ ಎಸ್‌ಎಟಿಎಸ್‌ನಲ್ಲಿ ಮಗಳ ಹೆಸರು, ಇನಿಷಿಯಲ್, ತಂದೆ ತಾಯಿಯ ಹೆಸರು, ಹುಟ್ಟಿದ ದಿನಾಂಕ ಹೇಗಿದೆ ಎಂದು ಶಾಲೆಯಲ್ಲಿ ಕೇಳಿ ಮುದ್ರಿತ ಪ್ರತಿ ಪಡೆಯಿರಿ. ಜನನ ಪ್ರಮಾಣಪತ್ರ, ಆಧಾರ್ ಎರಡನ್ನೂ ಪಕ್ಕದಲ್ಲಿಟ್ಟುಕೊಂಡು ಅಕ್ಷರ ಅಕ್ಷರ ಹೋಲಿಸಿ, ಕನ್ನಡದಲ್ಲೂ ಇಂಗ್ಲಿಷಿನಲ್ಲೂ. ಎಸ್ಸೆಸ್ಸೆಲ್ಸಿ ನೋಂದಣಿ ಆಗುವುದು ಅದೇ ಮಾಹಿತಿಯ ಮೇಲೆ. ಅಂಕಪಟ್ಟಿ ಮುದ್ರಣವಾದ ಮೇಲೆ ಹುಟ್ಟಿದ ದಿನಾಂಕ ತಿದ್ದಿಸಲು ನ್ಯಾಯಾಲಯದ ಮೆಟ್ಟಿಲು ಹತ್ತಬೇಕಾಗಬಹುದು. ನೋಂದಣಿಗೆ ಮೊದಲಾದರೆ ಮುಖ್ಯ ಶಿಕ್ಷಕರಿಗೆ ಒಂದು ಅರ್ಜಿ, ಜೊತೆಗೆ ದಾಖಲೆಯ ಪ್ರತಿ ಕೊಟ್ಟು ಕೆಲಸ ಶುರು ಮಾಡಿಸಬಹುದು. ಮಳೆ ಹಿಡಿದು ಬಸ್ಸು ನಿಲ್ಲುವ ಮುಂಚೆ, ಶಾಲೆ ಶುರುವಾದ ಮೊದಲ ವಾರದಲ್ಲೇ ಒಂದು ಸಲ ಹೋಗಿ ಬನ್ನಿ. ಅದೇ ದಿನ ಅಭ್ಯಾಸದ ಸಮಯವನ್ನೂ ಮಾತಾಡಿ, ಮಳೆಮಾಪಕ ಇಡಲು ಅಂಗಳದಲ್ಲಿ ಜಾಗವನ್ನೂ ಮೇಷ್ಟ್ರ ಜೊತೆ ನೋಡಿ ಬರಬಹುದು.